ಆಫರ್‌ನಲ್ಲಿ ಮೂವತ್ತು, ಕೈಗೆ ಇಪ್ಪತ್ತೊಂದು

"ಸಾಹೇಬ್ರ, ಹುಡುಗಗ ತಿಂಗಳಿಗೆ ಮೂವತ್ತು ಸಾವಿರ ಅಂದಿದ್ರಿ. ಇಪ್ಪತ್ತೊಂದ ಬಂದದ. ಊರಾಗ ಎಲ್ಲಾರಿಗೂ ಮೂವತ್ತು ಅಂತ ಹೇಳಿ ಕುಂತೀನ್ರಿ ನಾ."

ಎರಡು ವರ್ಷದ ಹಿಂದೆ ಹಾವೇರಿ ಕಡೆಯಿಂದ ಬಂದ ಫೋನ್ ಇದು. ಮಗ ನಮ್ಮ ಫ್ಯಾಕ್ಟರಿಗೆ ಸೇರಿ ಒಂದೂವರೆ ತಿಂಗಳಾಗಿತ್ತು. ಮೆಕ್ಯಾನಿಕಲ್ ಓದಿದ ಹುಡುಗ, ಮೊದಲ ಕೆಲಸ. ಆಫರ್ ಲೆಟರ್‌ನಲ್ಲಿ ವರ್ಷಕ್ಕೆ 3,60,000 ರೂಪಾಯಿ ಅಂತ ಇತ್ತು. ಅಪ್ಪ ಅದನ್ನು ಹನ್ನೆರಡರಿಂದ ಭಾಗಿಸಿದ್ದರು, ಅಷ್ಟೇ. ಅವರ ಲೆಕ್ಕದಲ್ಲಿ ತಪ್ಪಿರಲಿಲ್ಲ. ಆ ಪತ್ರವನ್ನು ಹುಡುಗನ ಮುಂದೆ ಕೂತು ಬಿಡಿಸಿ ಹೇಳದೇ ಹೋದದ್ದು ನಾವು.

ಪೀಣ್ಯದಲ್ಲಿ ಎಚ್‌ಆರ್ ಕೆಲಸಕ್ಕೆ ಸೇರಿ ನನಗೆ 16 ವರ್ಷ ಆಯಿತು. ಕಾಲೇಜು ಮುಗಿಸಿ ಬರುವವರು ಇಂಟರ್‌ವ್ಯೂಗೆ ತಿಂಗಳುಗಟ್ಟಲೆ ತಯಾರಿ ಮಾಡುತ್ತಾರೆ. ಟೈ ಕಟ್ಟುವುದನ್ನು ಯೂಟ್ಯೂಬ್ ನೋಡಿ ಕಲಿಯುತ್ತಾರೆ. ಆಮೇಲೆ ಆಫರ್ ಲೆಟರ್ ಕೈಗೆ ಬಂದರೆ ಎರಡೇ ನಿಮಿಷದಲ್ಲಿ ಸಹಿ! ಓದಿದರೆ, ಏನಾದರೂ ಕೇಳಿದರೆ, ಎಲ್ಲಿ ಕೆಲಸ ಕೈತಪ್ಪುತ್ತೋ ಅನ್ನುವ ಭಯ. ಕೇಳಿದ್ದಕ್ಕೆ ನಾನು ಇವತ್ತಿನವರೆಗೆ ಯಾರ ಆಫರನ್ನೂ ವಾಪಸ್ ಪಡೆದಿಲ್ಲ.

ಆಫರ್ ಲೆಟರ್‌ನಲ್ಲಿ ಬರೆದಿರುವುದು ಸಿಟಿಸಿ. ಸಿಟಿಸಿ ಅಂದರೆ ನಿಮ್ಮ ಸಂಬಳ ಅಲ್ಲ. ನಿಮ್ಮನ್ನು ಒಂದು ವರ್ಷ ಇಟ್ಟುಕೊಳ್ಳಲು ಕಂಪನಿಗೆ ಬೀಳುವ ಒಟ್ಟು ಖರ್ಚು. ಆ ಹುಡುಗನ ಲೆಕ್ಕವನ್ನೇ ನೋಡಿ. 3,60,000ರಲ್ಲಿ 36,000 ವೇರಿಯಬಲ್ ಪೇ. ಅದು ವರ್ಷದ ಕೊನೆಗೆ, ಅದೂ ಕಂಪನಿ ಚೆನ್ನಾಗಿ ನಡೆದರೆ. ಅದನ್ನು ಬದಿಗಿಟ್ಟರೆ ತಿಂಗಳಿಗೆ 27,000 ಉಳಿಯಿತು. ಇದರೊಳಗೆ ಕಂಪನಿ ಕಟ್ಟುವ ಪಿಎಫ್, ಅಂದರೆ ಭವಿಷ್ಯ ನಿಧಿ, ಸೇರಿದೆ. ಬೇಸಿಕ್ (ಮೂಲ ಸಂಬಳ) 15,000, ಅದರ 12 ಪರ್ಸೆಂಟ್ ಅಂದರೆ 1,800. ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಕಂಪನಿ ಕೊಡುವ ಗಂಟಿನ ಲೆಕ್ಕಕ್ಕೆ, 722. ಆಸ್ಪತ್ರೆ ಇನ್ಶೂರೆನ್ಸ್ ಕಂತು 478. ಇವೆಲ್ಲ ಕಳೆದರೆ 24,000. ಸಂಬಳ ಚೀಟಿಯಲ್ಲಿ ಗ್ರಾಸ್ ಅಂತ ಬರುವುದು ಇದು. ಇದರಿಂದ ಹುಡುಗನ ಪಾಲಿನ ಪಿಎಫ್ ಇನ್ನೊಂದು 1,800 ಹೋಗುತ್ತದೆ. ಕ್ಯಾಂಟೀನ್ ಮತ್ತು ಬಸ್ಸಿಗೆ 1,000. ಕೈಗೆ ಬಂದದ್ದು 21,200.

ಗ್ರಾಚ್ಯುಟಿಯ 722 ಎಲ್ಲಿಂದ ಬಂತು ಅಂತ ಹುಡುಗರು ಕೇಳುವುದೇ ಇಲ್ಲ. ಒಂದು ವರ್ಷ ದುಡಿದರೆ 15 ದಿನದ ಸಂಬಳ, ತಿಂಗಳಿಗೆ 26 ದಿನ ಅಂತ ಹಿಡಿದು. ಅದನ್ನು ವರ್ಷದ ಬೇಸಿಕ್‌ಗೆ ಹಂಚಿದರೆ 4.81 ಪರ್ಸೆಂಟ್ ಆಗುತ್ತೆ. ಪರ್ಮನೆಂಟ್ ಕೆಲಸದಲ್ಲಿ ಇದು ಸಾಮಾನ್ಯವಾಗಿ ಸಿಗುವುದು ಐದು ವರ್ಷ ಮುಗಿಸಿದವರಿಗೆ. ಮೊದಲ ಕೆಲಸದಲ್ಲಿ ಐದು ವರ್ಷ ಇರುವವರು ಎಷ್ಟು ಜನ? ಆದರೂ ಅದನ್ನು ಸಿಟಿಸಿಯಲ್ಲಿ ತೋರಿಸುತ್ತೇವೆ. ಅಂಕಿ ದೊಡ್ಡದಾಗಿ ಕಾಣಲಿ ಅಂತಲೇ ತೋರಿಸುತ್ತೇವೆ. ನಾನೂ ಈ ಕಸುಬಿನವನೇ, ಒಪ್ಪಿಕೊಳ್ಳಲು ನಾಚಿಕೆ ಏನಿಲ್ಲ. ವೇರಿಯಬಲ್ ಪೇ ಕೂಡ ಹೊಸಬರ ಪತ್ರದಲ್ಲಿ ಹೆಚ್ಚಾಗಿ ಇದೇ ಕೆಲಸಕ್ಕೆ ಇರುತ್ತೆ.

ಪಿಎಫ್ ಮಾತ್ರ ಹಾಗಲ್ಲ, ಅದು ನಿಮ್ಮದೇ ದುಡ್ಡು. ಕಂಪನಿ ಕಟ್ಟುವ 1,800ರಲ್ಲಿ ಸುಮಾರು 1,250 ಪಿಂಚಣಿ ಖಾತೆಗೆ ಹೋಗುತ್ತೆ, ಉಳಿದದ್ದು ನಿಮ್ಮ ಪಿಎಫ್‌ಗೆ. "ಸರ್, ಪಿಎಫ್ ಬೇಡ, ಕೈಗೇ ಕೊಟ್ಟುಬಿಡಿ" ಅನ್ನುವ ಹುಡುಗರಿದ್ದಾರೆ. ಇಎಸ್‌ಐ, ಅಂದರೆ ಕಾರ್ಮಿಕರ ಸರ್ಕಾರಿ ವಿಮೆ, ಅದರ ವಿಷಯದಲ್ಲಂತೂ ಈ ಜಗಳ ಜಾಸ್ತಿ. ಗ್ರಾಸ್ 21,000 ದಾಟದಿದ್ದರೆ ನಿಮ್ಮಿಂದ 0.75 ಪರ್ಸೆಂಟ್, ಕಂಪನಿಯಿಂದ 3.25 ಪರ್ಸೆಂಟ್ ಇಎಸ್‌ಐಗೆ ಹೋಗುತ್ತದೆ. ಡಿಪ್ಲೊಮಾ ಮಾಡಿದ ಹುಡುಗನ ಸಂಬಳದಲ್ಲಿ ನೂರೈವತ್ತು ರೂಪಾಯಿ ಹಿಡಿದರೆ ಮುಖ ಊದಿಸಿಕೊಳ್ಳುತ್ತಾನೆ. ಅವನ ದುಡಿಮೆಯನ್ನೇ ನೆಚ್ಚಿರುವ ಅಪ್ಪ ಅಮ್ಮನಿಗೂ ಅದೇ ಕಾರ್ಡಿನಲ್ಲಿ ಚಿಕಿತ್ಸೆ ಸಿಗುತ್ತೆ ಅನ್ನುವುದು ಅವನಿಗೆ ಗೊತ್ತೇ ಇರಲ್ಲ. ಅಪ್ಪನನ್ನು ರಾಜಾಜಿನಗರದ ಇಎಸ್‌ಐ ಆಸ್ಪತ್ರೆಗೆ ಸೇರಿಸಿದ ಮೇಲೆ ಬಂದು ಸ್ವೀಟ್ ಕೊಟ್ಟವರಿದ್ದಾರೆ.

ಹಾಗಾಗಿ ಸಹಿಗೆ ಮೊದಲು ಒಂದೇ ಪ್ರಶ್ನೆ ಕೇಳಿ: "ಸರ್, ಎಲ್ಲ ಕಟ್ಟಾಗಿ ತಿಂಗಳಿಗೆ ಕೈಗೆ ಎಷ್ಟು ಬರುತ್ತೆ?" ಬಾಯಲ್ಲಿ ಹೇಳಿದರೆ ಸಾಲದು, ಮೇಲ್‌ನಲ್ಲಿ ಕಳಿಸಿ ಅನ್ನಿ.

ಸಂಬಳಕ್ಕಿಂತ ಮೊದಲು ನೋಡಬೇಕಾದದ್ದು ಇನ್ನೊಂದಿದೆ. ಪತ್ರದ ತಲೆಯ ಮೇಲೆ ಯಾರ ಹೆಸರಿದೆ? ಇಂಟರ್‌ವ್ಯೂ ನಡೆದದ್ದು ದೊಡ್ಡ ಕಂಪನಿಯ ಒಳಗೆ, ಕೆಲಸವೂ ಅಲ್ಲೇ, ಐಡಿ ಕಾರ್ಡ್‌ನ ದಾರವೂ ಅವರದ್ದೇ. ಆದರೆ ಪತ್ರ ಯಾವುದೋ ಮ್ಯಾನ್‌ಪವರ್ ಏಜೆನ್ಸಿಯದ್ದು. ಪೀಣ್ಯದ ಟೀ ಅಂಗಡಿಗಳಲ್ಲಿ "ಕಂಪನಿ ರೋಲಾ, ಕಾಂಟ್ರಾಕ್ಟಾ?" ಅಂತ ಕೇಳುವುದು ಇದನ್ನೇ. ಕಾಂಟ್ರಾಕ್ಟ್ ಅಂದ ಕೂಡಲೇ ಬಿಟ್ಟು ಹೋಗಿ ಅಂತ ನಾನು ಹೇಳಲ್ಲ. ನನ್ನ ಜೊತೆಗಿರುವ ಇಬ್ಬರು ಸೂಪರ್‌ವೈಸರ್‌ಗಳು ಹಾಗೇ ಬಂದವರು. ಆದರೆ ಗೊತ್ತಿದ್ದು ಸೇರಿ. ಮುಂದೆ ಅನುಭವದ ಪತ್ರ ಕೊಡುವುದು ಏಜೆನ್ಸಿ, ದೊಡ್ಡ ಕಂಪನಿ ಅಲ್ಲ.

ಅಪ್ರೆಂಟಿಸ್ ಬೇರೆಯೇ ವಿಷಯ. 1961ರ ಅಪ್ರೆಂಟಿಸ್ ಕಾಯ್ದೆಯ ಕೆಳಗೆ ಡಿಗ್ರಿ, ಡಿಪ್ಲೊಮಾ ಆದವರನ್ನು ಸಾಮಾನ್ಯವಾಗಿ ಒಂದು ವರ್ಷಕ್ಕೆ ತೆಗೆದುಕೊಳ್ಳುತ್ತೇವೆ. ಕೊಡುವುದು ಸಂಬಳ ಅಲ್ಲ, ಸ್ಟೈಪೆಂಡ್. ಸರ್ಕಾರ ಗೊತ್ತು ಮಾಡಿದ ಕನಿಷ್ಠ ಸ್ಟೈಪೆಂಡ್‌ನಲ್ಲಿ ಅರ್ಧವನ್ನು ಕೇಂದ್ರವೇ ಭರಿಸುತ್ತದೆ. ವರ್ಷ ಮುಗಿದ ಮೇಲೆ ಚೆನ್ನೈನ ಅಪ್ರೆಂಟಿಸ್‌ಶಿಪ್ ಬೋರ್ಡ್‌ನ ಸರ್ಟಿಫಿಕೇಟ್ ಬರುತ್ತೆ. ಕೆಲಸ ಕೊಡಲೇಬೇಕು ಅಂತ ಸಾಮಾನ್ಯವಾಗಿ ಇಲ್ಲ. ಕಾಲೇಜು ಲ್ಯಾಬಿನ ಲೇತ್ ಬಿಟ್ಟು ಬೇರೆ ಮಷಿನ್ ಮುಟ್ಟದವರಿಗೆ ನಾನು ಇದನ್ನೇ ಮೊದಲು ಹೇಳುವುದು. ಒಂದೇ ಷರತ್ತು: ಅಲ್ಲಿ ಈಗಾಗಲೇ ಇರುವ ಅಪ್ರೆಂಟಿಸ್‌ನನ್ನು ಗೇಟ್ ಹತ್ತಿರ ಹಿಡಿದು ಏನು ಕೆಲಸ ಕೊಡುತ್ತಾರೆ ಅಂತ ಕೇಳಿ. ವರ್ಷಪೂರ್ತಿ ಎಕ್ಸೆಲ್ ಶೀಟ್ ತುಂಬಿಸುವುದಾದರೆ ಬೇಡ.

ಇನ್ನು ಬಾಂಡ್, ಅಂದರೆ ಇಷ್ಟು ಕಾಲ ಬಿಡಲ್ಲ, ಬಿಟ್ಟರೆ ದುಡ್ಡು ಕಟ್ಟುತ್ತೇನೆ ಅನ್ನುವ ಕರಾರು. "ಬಾಂಡ್‌ಗೆಲ್ಲ ಕೋರ್ಟಲ್ಲಿ ಬೆಲೆ ಇಲ್ಲ ಬಿಡೋ" ಅನ್ನುವ ಸೀನಿಯರ್ ಪ್ರತಿ ಹಾಸ್ಟೆಲ್‌ನಲ್ಲೂ ಒಬ್ಬ ಇರುತ್ತಾನೆ. ನಂಬಬೇಡಿ. ನಮ್ಮ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕಿನದೇ ಒಂದು ಕೇಸ್ ಇದೆ. ಮೂರು ವರ್ಷ ಮುಗಿಸದೆ ಬಿಟ್ಟರೆ 2 ಲಕ್ಷ ಕಟ್ಟಬೇಕು ಅನ್ನುವ ಷರತ್ತು. ಅಧಿಕಾರಿಯೊಬ್ಬರು ಅವಧಿಗೆ ಮುಂಚೆ ಬಿಟ್ಟರು, ದುಡ್ಡು ಕಟ್ಟಿದರು, ಆಮೇಲೆ ಕೋರ್ಟಿಗೆ ಹೋದರು. ಕರ್ನಾಟಕ ಹೈಕೋರ್ಟ್ ಅವರ ಪರ ಹೇಳಿತ್ತು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿ, ಷರತ್ತು ಸರಿ ಅಂದಿತು. ಸರ್ಕಾರಿ ಬ್ಯಾಂಕು ಒಬ್ಬರು ಬಿಟ್ಟರೆ ಮತ್ತೆ ಜಾಹೀರಾತು ಕೊಟ್ಟು ನೇಮಕಾತಿ ನಡೆಸಬೇಕು, ಅದಕ್ಕೆ ಖರ್ಚಿದೆ ಅನ್ನುವುದು ಕೋರ್ಟು ನೋಡಿದ ಕಾರಣಗಳಲ್ಲಿ ಒಂದು. ಹಾಗಂತ ಹತ್ತು ದಿನ ಪವರ್‌ಪಾಯಿಂಟ್ ತೋರಿಸಿ ಎರಡು ಲಕ್ಷ ಕೇಳುವ ಎಲ್ಲರಿಗೂ ಇದೇ ತೀರ್ಪು ಹೊಂದುತ್ತೆ ಅಂತಲ್ಲ. ಮೊತ್ತ ನ್ಯಾಯವಾದ ನಷ್ಟಕ್ಕೆ ತಕ್ಕಂತಿರಬೇಕು. ಆದರೆ ಅದನ್ನು ಕೋರ್ಟಿನಲ್ಲಿ ಸಾಬೀತು ಮಾಡುತ್ತಾ ಕೂರಲು ಇಪ್ಪತ್ತೆರಡು ವರ್ಷದ ಹುಡುಗಿಗೆ ಪುರುಸೊತ್ತೂ ಇಲ್ಲ, ದುಡ್ಡೂ ಇಲ್ಲ. ಎಷ್ಟು ತಿಂಗಳು, ಎಷ್ಟು ರೂಪಾಯಿ, ಕಂಪನಿಯೇ ಕೆಲಸದಿಂದ ತೆಗೆದರೂ ಕಟ್ಟಬೇಕಾ? ಇಷ್ಟನ್ನು ಓದಿ ಸಹಿ ಮಾಡಿ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಮಾತ್ರ ಯಾರ ಕೈಗೂ ಬಿಟ್ಟು ಬರಬೇಡಿ. ತೋರಿಸಿ, ಜೆರಾಕ್ಸ್ ಕೊಟ್ಟು, ವಾಪಸ್ ತನ್ನಿ. ಕೆಲಸ ಕೊಡಲು ದುಡ್ಡು ಕೇಳಿದವರ ಬಗ್ಗೆ ಬರೆಯುವುದೇ ಬೇಡ, ಎದ್ದು ಬನ್ನಿ.

ನಮ್ಮ ಕಡೆಯವರಿಗೇ ಅಂತ ಇರುವ ತಾಪತ್ರಯ ಒಂದಿದೆ: ಇನಿಶಿಯಲ್. ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ಮಂಜುನಾಥ ಎಚ್., ಆಧಾರ್‌ನಲ್ಲಿ ಮಂಜುನಾಥ ಹನುಮಂತಪ್ಪ, ಪ್ಯಾನ್‌ನಲ್ಲಿ ಹನುಮಂತಪ್ಪ ಮಂಜುನಾಥ. ಮೂರೂ ಒಬ್ಬನೇ ಹುಡುಗ, ಆದರೆ ಪಿಎಫ್‌ನ ಕಂಪ್ಯೂಟರ್‌ಗೆ ಮೂವರು. ಪಿಎಫ್‌ಗೆ ಸೇರಿದವರಿಗೆ ಕೊಡುವ ಯುಎಎನ್ ನಂಬರ್ ಜೀವನಪೂರ್ತಿ ಒಂದೇ. ಅದು ಹುಟ್ಟುವಾಗಲೇ ಹೆಸರು ತಪ್ಪಾದರೆ ಮುಂದಿನ ಕಂಪನಿಗೆ ವರ್ಗ ಮಾಡುವಾಗ ಅಲೆದಾಟ. ಆಧಾರ್ ಮತ್ತು ಪ್ಯಾನ್ ಎರಡನ್ನೂ ಒಂದೇ ತರ ಮಾಡಿಸುವ ಕೆಲಸವನ್ನು ಕೊನೆಯ ಸೆಮಿಸ್ಟರ್‌ನಲ್ಲೇ ಮುಗಿಸಿ. ಸೇರುವ ದಿನ ಬೆಳಿಗ್ಗೆ ನನ್ನ ಟೇಬಲ್ ಮುಂದೆ ನಿಂತು ಇದನ್ನು ಸರಿಮಾಡಲು ಆಗಲ್ಲ.

ಜಾಯಿನಿಂಗ್ ತಾರೀಖನ್ನೂ ನೋಡಿ. ಬಹಳ ಕಡೆ 20ನೇ ತಾರೀಖಿನ ಆಸುಪಾಸಿಗೆ ಆ ತಿಂಗಳ ಸಂಬಳದ ಪಟ್ಟಿ ಮುಚ್ಚುತ್ತೆ. 22ಕ್ಕೆ ಸೇರಿದರೆ ಆ ಎಂಟು ಹತ್ತು ದಿನದ ದುಡ್ಡು ಮುಂದಿನ ತಿಂಗಳ ಸಂಬಳದ ಜೊತೆಗೇ ಬರುವುದು. ಅಷ್ಟರಲ್ಲಿ ಪಿಜಿ ಅಡ್ವಾನ್ಸ್, ಬಸ್ಸು, ಸೇಫ್ಟಿ ಶೂ ಎಲ್ಲ ಅಪ್ಪನ ಜೇಬಿನಿಂದಲೇ ಹೋಗಬೇಕು. ಹಾವೇರಿಯ ಆ ಹುಡುಗನಿಗೆ ಆದದ್ದೂ ಇದೇ, ಫೋನಿನಲ್ಲಿ ಅಪ್ಪನ ಬೇಜಾರಿನ ಅರ್ಧ ಅದೇ ಇತ್ತು. ಒಂದನೇ ತಾರೀಖಿಗೆ ಸೇರಲಾ ಸರ್ ಅಂತ ಕೇಳಿ ನೋಡಿ. ಲೈನ್‌ನಲ್ಲಿ ಜನ ಕಡಿಮೆ ಇಲ್ಲದಿದ್ದರೆ ನಾನು ಹೂಂ ಅಂದುಬಿಡುತ್ತೇನೆ.