ಕೂದಲು ಯಾಕೆ ಉದುರಲಿಲ್ಲ?

"ನನಗ್ಯಾಕ ಕೂದ್ಲಾ ಉದರಲಿಲ್ಲ? ಸರಕಾರಿ ಕಾರ್ಡ್ ಮ್ಯಾಲ ಕೊಟ್ಟ ಗುಳಿಗಿ ಅಂದ್ರ ಪವರ್ ಕಮ್ಮಿ ಇರ್ತೈತೇನು?"

ನಮ್ಮ ರೋಗಿಗಳ ಸಭೆಯಲ್ಲಿ ಸವಣೂರು ಕಡೆಯ ರೈತರೊಬ್ಬರು ಹೀಗೆ ಕೇಳಿದರು. ನನ್ನನ್ನಲ್ಲ, ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಇನ್ನೊಬ್ಬ ರೋಗಿಯನ್ನು. ಎರಡು ವರ್ಷದಿಂದ ಅವರು ನನ್ನ ಓಪಿಡಿಗೆ ಬರುತ್ತಿದ್ದಾರೆ. ಪ್ರತಿ ಸಲ "ಆರಾಮ್ ಅದೀನ್ರಿ ಸಾಹೇಬ್ರ" ಅಂದು ಚೀಟಿ ಇಸ್ಕೊಂಡು ಹೋಗುತ್ತಿದ್ದರು. ವಾರ್ಡಿನಲ್ಲಿ ಕಿಮೋ ತಗೊಂಡವರ ತಲೆ ಬೋಳಾದದ್ದನ್ನು ನೋಡಿದ್ದಾರೆ. ತಮಗೆ ಸಿಕ್ಕಿದ್ದು ಎರಡನೇ ದರ್ಜೆಯ ಔಷಧ ಎಂದು ಅಷ್ಟು ದಿನ ಒಳಗೊಳಗೇ ಕೊರಗಿದ್ದಾರೆ.

ಅವರಿಗಿರುವುದು ಜಿಸ್ಟ್ ಎಂಬ ಕ್ಯಾನ್ಸರ್. ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಸುಮಾರು 10ರಿಂದ 15 ಮಂದಿಗೆ ಬರುತ್ತದೆ, ಅಷ್ಟೇ. ಮಾಮೂಲಿ ಜಠರದ ಕ್ಯಾನ್ಸರ್ ಹುಟ್ಟುವುದು ಒಳಪೊರೆಯಲ್ಲಿ. ಇದು ಹುಟ್ಟುವುದು ಜಠರ, ಕರುಳಿನ ಗೋಡೆಯೊಳಗೆ. ಅಲ್ಲಿ ಕಹಾಲ್ ಜೀವಕಣಗಳು ಅಂತ ಇವೆ. ಉಂಡದ್ದು ಮುಂದೆ ಸರಿಯಲು ಕರುಳಿಗೆ ತಾಳ ಹಾಕುವ ಕಣಗಳು ಅವು. ಅಂಥ ಕಣಗಳಲ್ಲಿ ಬೆಳವಣಿಗೆಯ ಸ್ವಿಚ್ ಆನ್ ಆಗಿಯೇ ಉಳಿದುಬಿಟ್ಟರೆ ಗಡ್ಡೆ ಬೆಳೆಯುತ್ತದೆ. ಹೆಚ್ಚಿನವರಲ್ಲಿ ಆ ಸ್ವಿಚ್ ಅಂದರೆ ಕಿಟ್ ಎಂಬ ಜೀನ್. 1998ರಲ್ಲಿ ಜಪಾನಿನ ಸಂಶೋಧಕರು ಇದನ್ನು ಪತ್ತೆ ಮಾಡಿದರು. ಮಾಮೂಲಿ ಕಿಮೋಗೆ ಈ ಗಡ್ಡೆ ಜಗ್ಗುವುದಿಲ್ಲ. ಇಮ್ಯಾಟಿನಿಬ್ ಎಂಬ ಗುಳಿಗೆ ಆ ಸ್ವಿಚ್ಚನ್ನೇ ಹಿಡಿದು ಆಫ್ ಮಾಡುತ್ತದೆ. ಜಿಸ್ಟ್‌ಗೆ ಇದನ್ನು ಮೊದಲು ಕೊಟ್ಟದ್ದು 2000ದಲ್ಲಿ, ಫಿನ್ಲೆಂಡಿನ ಒಬ್ಬ ಮಹಿಳೆಗೆ.

ಇದನ್ನೆಲ್ಲ ನಾನು ಹೇಳಲು ಬಾಯಿ ತೆಗೆಯುವಷ್ಟರಲ್ಲಿ ಪಕ್ಕದವರು ಮುಗಿಸಿಬಿಟ್ಟಿದ್ದರು. "ಅಣ್ಣಾರ, ಅವರದು ಹೊಲಕ್ಕೆಲ್ಲಾ ಹೊಡಿಯೋ ಎಣ್ಣಿ. ಬೆಳಿನೂ ಒಣಗತೈತಿ. ನಮ್ದು ಕಸದ ಬೇರಿಗಷ್ಟ ಹಚ್ಚೋದು." ಇಷ್ಟು ವರ್ಷದಲ್ಲಿ ನಾನು ಇಷ್ಟು ಚೆನ್ನಾಗಿ ಹೇಳಿದ್ದಿಲ್ಲ.

ಇಂಥ ಮಾತಿಗಾಗಿಯೇ ಜಿಸ್ಟ್ ರೋಗಿಗಳೂ ನಾನೂ ಮೂರು ತಿಂಗಳಿಗೊಮ್ಮೆ ಹುಬ್ಬಳ್ಳಿಯಲ್ಲಿ ಸೇರುತ್ತೇವೆ. ಸ್ತನ ಕ್ಯಾನ್ಸರ್ ಬಂದವರಿಗೆ ಓಣಿಯಲ್ಲೋ ನೆಂಟರಲ್ಲೋ ಅದೇ ರೋಗ ದಾಟಿ ಬಂದ ಒಬ್ಬರು ಸಿಗುತ್ತಾರೆ. ಜಿಸ್ಟ್ ಇದ್ದವರಿಗೆ ಇಡೀ ತಾಲೂಕಿನಲ್ಲಿ ಇನ್ನೊಬ್ಬರು ಸಿಗುವುದು ಕಷ್ಟ. ಗದಗದವರು, ಹಾವೇರಿಯವರು, ಧಾರವಾಡದಿಂದ ಚಿಗರಿ ಬಸ್ ಹತ್ತಿ ಬರುವವರು, ಎಲ್ಲ ಸೇರಿದರೂ ಒಂದು ಪಂಕ್ತಿ ಊಟಕ್ಕೆ ಆಗುವಷ್ಟು ಜನ. ಬೆಳಿಗ್ಗೆ ಹನ್ನೊಂದಕ್ಕೆ ಶುರು, ಊಟ ಮಾಡಿ ಎರಡಕ್ಕೆ ಬಿಡುವುದು. ಹೊತ್ತು ಮುಳುಗುವ ಮೊದಲು ಎಲ್ಲರೂ ಊರು ಸೇರಬೇಕಲ್ವಾ.

ಮೊದಲ ಸಭೆಯನ್ನು ನಾನೇ ಕೆಡಿಸಿದ್ದೆ. ಸ್ವಾಗತ, ದೀಪ, ಶಾಲು, ಹಾರ ಎಲ್ಲ ಆಯಿತು. ಆಮೇಲೆ ನನ್ನ ನಲವತ್ತು ಸ್ಲೈಡುಗಳು. ಒಂದರಲ್ಲಿ ಗ್ರಾಫ್ ಇತ್ತು. ವರ್ಷ ಕಳೆದಂತೆ ಎಷ್ಟು ರೋಗಿಗಳು ಬದುಕಿರುತ್ತಾರೆ ಎಂದು ತೋರಿಸುವ ಗೆರೆ. ವೈದ್ಯರ ಸಮ್ಮೇಳನದಲ್ಲಿ ಬಳಸಿದ್ದನ್ನೇ ತಂದು ಹಾಕಿದ್ದೆ. ಹಿಂದಿನ ಸಾಲಿನ ಅಕ್ಕ ಒಬ್ಬರು ಎದ್ದು, "ಡಾಕ್ಟರ್ರ, ಆ ಗೆರಿ ಕೆಳಗ ಇಳೀತದಲ್ಲ, ಇಳದೋರು ಎಲ್ಲಿ ಹೋದ್ರು?" ಎಂದರು. ನಾನು ಏನೋ ತಡವರಿಸಿದೆ. ಆಮೇಲೆ ಯಾರೂ ಏನೂ ಕೇಳಲಿಲ್ಲ. ಊಟವೂ ಸೇರಲಿಲ್ಲ ಯಾರಿಗೂ. ಆವತ್ತಿಂದ ಪ್ರೊಜೆಕ್ಟರ್ ಬಂದ್. ಶಾಲು ಹಾರವೂ ಬಂದ್. ಬದುಕುಳಿಯುವ ಲೆಕ್ಕ ಬೇಕೆಂದವರಿಗೆ ಓಪಿಡಿಯಲ್ಲಿ, ಅವರವರ ರಿಪೋರ್ಟ್ ಮುಂದಿಟ್ಟುಕೊಂಡು, ಬಾಗಿಲು ಹಾಕಿ ಹೇಳುತ್ತೇನೆ.

ಈಗ ಸಭೆಯಲ್ಲಿ ನಡೆಯುವುದು ಬರೀ ಮಾತು. ಬೆಳಿಗ್ಗೆ ಕಣ್ಣಿನ ಸುತ್ತ ಬಾವು ಬರುವುದು ಈ ಗುಳಿಗೆಯ ಮಾಮೂಲಿ ಅಡ್ಡಪರಿಣಾಮ. ಒಬ್ಬ ಹೆಣ್ಣುಮಗಳನ್ನು ದಿನಾ ಓಣಿಯವರು "ಅತ್ತೀಯೇನು?" ಎಂದು ಕೇಳುತ್ತಿದ್ದರಂತೆ. ಉಪ್ಪು ಕಡಿಮೆ ಮಾಡಿ ಎಂದು ನಾನು ಹೇಳಿದ್ದೆ. ತಲೆಗೆ ಎರಡು ದಿಂಬು ಇಟ್ಟು ಮಲಗು ಎಂದದ್ದು ಇನ್ನೊಬ್ಬ ರೋಗಿ. ಇನ್ನೊಬ್ಬರಿಗೆ "ಬೆಳ್ಳಗ ಆಗೀರಿ, ಚಲೋ ಉಣ್ಣಾಕ್ಹತ್ತೀರೇನು" ಎಂಬ ಮೆಚ್ಚುಗೆ. ಊಟದ ಮಹಿಮೆ ಅಲ್ಲ ಅದು. ಚರ್ಮಕ್ಕೆ ಬಣ್ಣ ಕೊಡುವ ಕಣಗಳಿಗೂ ಅದೇ ಕಿಟ್ ಸ್ವಿಚ್ ಬೇಕು. ಅದನ್ನು ಆಫ್ ಮಾಡಿದರೆ ಕೆಲವರ ಬಣ್ಣ ತಿಳಿಯಾಗುತ್ತದೆ.

ಉಪವಾಸದ ವಿಷಯವಂತೂ ಸಭೆಯಲ್ಲೇ ನನಗೆ ಗೊತ್ತಾದದ್ದು. ಈ ಗುಳಿಗೆಯನ್ನು ಊಟದ ಜೊತೆ, ದೊಡ್ಡ ಲೋಟ ನೀರಿನಲ್ಲಿ ನುಂಗಬೇಕು. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಹೊಟ್ಟೆ ತೊಳಸುತ್ತದೆ, ವಾಂತಿ ಆಗುತ್ತದೆ. ಶ್ರಾವಣ ಸೋಮವಾರ ಒಪ್ಪತ್ತು ಮಾಡುವ ಅಜ್ಜಿ ಆ ದಿನ ಗುಳಿಗೆಯನ್ನೇ ಬಿಡುತ್ತಿದ್ದರು. ಹಳೇ ಹುಬ್ಬಳ್ಳಿಯ ಚಾಚಾ ಒಬ್ಬರು, "ಅಮ್ಮಾ, ರಮಜಾನದಾಗ ನಾ ಸಂಜಿ ಊಟದ ಜೊತಿ ತಗೋತೀನಿ. ದಿನಕ್ಕ ಒಮ್ಮಿ ಅಲ್ಲೇನು, ನೀವೂ ಫಳಾರದ ಬದ್ಲಿ ಊಟದ ಹೊತ್ತಿಗಿ ತಗೋರಿ" ಎಂದರು. ಹಾಗೇ ಆಯಿತು. ಚಕ್ಕೋತ ಬೇಡ ಎಂದು ಮಾತ್ರ ನಾನು ಸೇರಿಸಿದೆ. ಅದರ ಹತ್ತಿರದ ನೆಂಟ ಗ್ರೇಪ್‌ಫ್ರೂಟ್ ರಕ್ತದಲ್ಲಿ ಈ ಔಷಧದ ಮಟ್ಟ ಏರಿಸುತ್ತದೆ. ಟಿಬಿಯ ರಿಫಾಂಪಿಸಿನ್, ಫಿಟ್ಸ್‌ಗೆ ಕೊಡುವ ಫೆನಿಟೋಯಿನ್ ಅದನ್ನು ಇಳಿಸುತ್ತವೆ. ಬೇರೆ ಡಾಕ್ಟರ ಹತ್ತಿರ ಹೋದಾಗ ಗುಳಿಗೆಯ ಪಟ್ಟಿ ತೋರಿಸಿ ಎಂದು ನಾನು ಕಾಡುವುದು ಅದಕ್ಕೇ.

ಸಭೆಯಿಂದ ಅಪಾಯವೂ ಇದೆ. "ಅವರಿಗಿ ಮೂರ ವರ್ಷ, ನನಗ ಯಾಕ ಸಾಯೋತನಕಾ?" ಎಂಬ ಹೋಲಿಕೆ. ಗಡ್ಡೆಯನ್ನು ಪೂರ್ತಿ ತೆಗೆದ ಮೇಲೆ, ಮರುಕಳಿಸುವ ಭಯ ಜಾಸ್ತಿ ಇದ್ದವರಿಗೆ ಮೂರು ವರ್ಷ ಕೊಡುತ್ತೇವೆ. ಲಿವರಿಗೋ ಹೊಟ್ಟೆಯ ಪೊರೆಗೋ ಹರಡಿದ್ದರೆ, ಗುಳಿಗೆ ಕೆಲಸ ಮಾಡುತ್ತಿರುವಷ್ಟು ಕಾಲ ಅದನ್ನು ನಿಲ್ಲಿಸುವಂತಿಲ್ಲ. ಹೆಚ್ಚಿನವರಿಗೆ ದಿನಕ್ಕೆ 400 ಮಿಲಿಗ್ರಾಂ. ಕಿಟ್‌ನ ಎಕ್ಸಾನ್ 9 ಎಂಬ ಭಾಗದಲ್ಲಿ ದೋಷ ಇದ್ದವರಿಗೆ 800 ಬೇಕಾಗಬಹುದು. ಬ್ಯಾಡಗಿ ಕಡೆಯ ಒಬ್ಬರು ಇನ್ನೊಬ್ಬರ ಮೂರು ವರ್ಷ ಕೇಳಿಸಿಕೊಂಡು, ಸ್ಕ್ಯಾನ್ ಚೆನ್ನಾಗಿದೆ ಎಂದು ತಾವೂ ಗುಳಿಗೆ ಬಿಟ್ಟರು. ಸುಗ್ಗಿ ಮುಗಿಯುವಷ್ಟರಲ್ಲಿ ಗಡ್ಡೆ ಮತ್ತೆ ಬೆಳೆದಿತ್ತು. ಫ್ರಾನ್ಸಿನಲ್ಲಿ ಇದನ್ನೇ ಪರೀಕ್ಷಿಸಿ ನೋಡಿದ್ದಾರೆ. ರೋಗ ಹರಡಿದ್ದು, ಒಂದು ವರ್ಷ ಹತೋಟಿಯಲ್ಲಿದ್ದ 32 ಜನ ಗುಳಿಗೆ ನಿಲ್ಲಿಸಿದರು. 26 ಜನರಲ್ಲಿ ರೋಗ ಮರಳಿ ಬೆಳೆಯಿತು. ಮುಂದುವರಿಸಿದ 26 ಜನರಲ್ಲಿ ಬೆಳೆದದ್ದು 8 ಮಂದಿಗೆ. ಮತ್ತೆ ಶುರು ಮಾಡಿದಾಗ ಬಹುತೇಕರಲ್ಲಿ ಹತೋಟಿಗೆ ಬಂತು. ನಮ್ಮ ಬ್ಯಾಡಗಿಯವರಿಗೂ ಬಂತು, ಪುಣ್ಯ. ಈಗ ಡೋಸ್ ಬಗ್ಗೆ ಹೊಸಬರು ಬಾಯಿ ತೆಗೆದರೆ ಮೊದಲು ತಡೆಯುವವರು ಅವರೇ. ಪುಡಿ, ಕಷಾಯ ಮಾರುವವರನ್ನು ನಾವು ಒಳಗೇ ಬಿಡುವುದಿಲ್ಲ.

ನನಗಿನ್ನೂ ಬಗೆಹರಿಯದ್ದು ಒಂದಿದೆ. ಎಷ್ಟೋ ಮನೆಗಳಲ್ಲಿ ರೋಗಿಗೇ ರೋಗದ ಹೆಸರು ಗೊತ್ತಿಲ್ಲ. ಮೊನ್ನೆ ಗದಗದ ಹುಡುಗನೊಬ್ಬ ಅಪ್ಪನನ್ನು ಹೊರಗೆ ಕೂಡಿಸಿ ಒಳಗೆ ಬಂದ. "ಅಪ್ಪಗ ಅಲ್ಸರ್ ಅಂತ ಹೇಳೇವ್ರಿ ಸರ್. ಸಭಾಕ್ಕ ಕರೀಬ್ಯಾಡ್ರಿ." ಅಲ್ಸರ್ ಗುಳಿಗೆ ಎಂದುಕೊಂಡವರು ನೋವಿಲ್ಲದ ದಿನ ಅದನ್ನು ಬಿಡುತ್ತಾರೆ, ಆಗ ಏನು ಮಾಡುತ್ತೀ ಎಂದು ಕೇಳಿದೆ. ಅವನ ಹತ್ತಿರ ಉತ್ತರ ಇರಲಿಲ್ಲ. ಸಭೆಗೆ ಅಪ್ಪ ಬೇಡ, ನೀನೊಬ್ಬನೇ ಬಾ, ಬ್ಯಾಡಗಿಯವರ ಪಕ್ಕ ಕೂತು ಊಟ ಮಾಡಿ ಹೋಗು ಎಂದೆ. ನೋಡ್ತೀನ್ರಿ ಎಂದ. ಹೊರಗೆ ಅವನ ಅಪ್ಪ, ಗುಳಿಗೆಯ ಸ್ಟ್ರಿಪ್ ಹಿಂದೆ ಬರೆದಿದ್ದನ್ನು ಕಣ್ಣಿಗೆ ಹತ್ತಿರ ಹಿಡಿದು ಓದುತ್ತಿದ್ದರು.