ಜರಡಿಯಿಲ್ಲದ ತಪಾಸಣೆ

ದಾವಣಗೆರೆಯ ನಮ್ಮ ಪ್ರಯೋಗಾಲಯದಲ್ಲಿ ಅಸ್ಥಿಮಜ್ಜೆಯ ಸ್ಲೈಡು ನೋಡುತ್ತ ಕುಳಿತಾಗ ಒಮ್ಮೊಮ್ಮೆ ವಿಚಿತ್ರವಾದ ಪ್ಲಾಸ್ಮಾ ಕೋಶವೊಂದು (ಪ್ರತಿಕಾಯ ತಯಾರಿಸುವ ಕೋಶ) ಕಣ್ಣಿಗೆ ಬೀಳುತ್ತದೆ: ದ್ರಾಕ್ಷಿಗೊಂಚಲಿನಂತೆ ಒತ್ತೊತ್ತಾಗಿ ತುಂಬಿದ ಗುಂಡು ಹನಿಗಳು, ಅವುಗಳ ಒತ್ತಡಕ್ಕೆ ಅಂಚಿಗೆ ಸರಿದ ಕೋಶಕೇಂದ್ರ. 1890ರಲ್ಲಿ ಎಡಿನ್‌ಬರೋದ ವಿಲಿಯಂ ರಸೆಲ್ ಇಂಥ ಹನಿಗಳನ್ನು ಕ್ಯಾನ್ಸರ್ ತರುವ ಪರಾವಲಂಬಿ ಜೀವಿಗಳೆಂದೇ ತಿಳಿದಿದ್ದರು. ಆದರೆ ಆ ಹನಿಗಳು ಹೊರಗೆ ಹೋಗಲೂ ಆಗದೆ, ಒಳಗೆ ಕರಗಲೂ ಆಗದೆ ಉಳಿದುಬಿಟ್ಟ ಪ್ರತಿಕಾಯ ಪ್ರೋಟೀನು.

ಪ್ರೋಟೀನು ಮಡಚಿಕೊಳ್ಳಬೇಕಾದ ಸರಿಯಾದ ಆಕಾರ ಯಾವುದೆಂದು ಕೋಶಕ್ಕೆ ಹೇಗೆ ಗೊತ್ತು ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಕೋಶಕ್ಕೆ ಗೊತ್ತಿಲ್ಲ ಎಂಬುದೇ ನನ್ನ ಉತ್ತರ. ನಮ್ಮೂರಿನ ಮಂಡಕ್ಕಿ ಭಟ್ಟಿಯಲ್ಲಿ ಮರಳನ್ನು ಜರಡಿ ಹಿಡಿದು ಬೇರೆ ಮಾಡುತ್ತಾರೆ. ಜರಡಿಯ ಕಣ್ಣಿಗೆ ಒಂದು ಅಳತೆಯಿದೆ. ಸಾವಿರಾರು ಬಗೆಯ ಪ್ರೋಟೀನು ತಯಾರಿಸುವ ಕೋಶ ಒಂದೊಂದಕ್ಕೂ ಒಂದೊಂದು ಜರಡಿ ಇಟ್ಟುಕೊಳ್ಳಲಾರದು. ಅದು ನೋಡುವುದು ಎರಡನ್ನೇ: ನೀರನ್ನು ಒಲ್ಲದ ಜಿಡ್ಡಿನ ಭಾಗ ಹೊರಗೆ ಕಾಣುತ್ತಿದೆಯೇ, ಮಡಚಿಕೊಳ್ಳಲು ಎಷ್ಟು ಹೊತ್ತು ತೆಗೆದುಕೊಂಡಿದೆ.

ಸರಿಯಾಗಿ ಮಡಚಿಕೊಂಡ ಪ್ರೋಟೀನಿನಲ್ಲಿ ಜಿಡ್ಡಿನ ಅಮೈನೋ ಆಮ್ಲಗಳು ಹೆಚ್ಚಾಗಿ ಒಳಗೆ ಅಡಗಿರುತ್ತವೆ. ಹೊರಗುಳಿದರೆ, ಮಡಚಲು ನೆರವಾಗುವ ಚಾಪರೋನ್ ಎಂಬ ಪ್ರೋಟೀನುಗಳು ಅಲ್ಲಿಗೇ ಅಂಟುತ್ತವೆ. ಹೊತ್ತಿನ ಲೆಕ್ಕ ಇನ್ನೂ ಸೊಗಸಾಗಿದೆ. ಹೊರಗೆ ಕಳಿಸುವ ಪ್ರೋಟೀನುಗಳು ಮಡಚಿಕೊಳ್ಳುವ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಎಂಬ ಪೊರೆಜಾಲವನ್ನು ಪ್ರವೇಶಿಸುವ ಬಹುತೇಕ ಪ್ರೋಟೀನುಗಳಿಗೆ 14 ಸಕ್ಕರೆಗಳ ಕವಲುಸರವೊಂದು ಅಂಟಿಕೊಳ್ಳುತ್ತದೆ. ತುದಿಯ ಮೂರು ಗ್ಲುಕೋಸ್‌ಗಳಲ್ಲಿ ಒಂದು ಉಳಿದಿರುವವರೆಗೆ ಕ್ಯಾಲ್ನೆಕ್ಸಿನ್ ಎಂಬ ಚಾಪರೋನ್ ಪ್ರೋಟೀನನ್ನು ಹಿಡಿದು ಮಡಚಲು ನೆರವಾಗುತ್ತದೆ. ಅದೂ ಕಳಚಿದ ಮೇಲೆ ಪ್ರೋಟೀನು ಇನ್ನೂ ಅಸ್ತವ್ಯಸ್ತವಾಗಿದ್ದರೆ ತಪಾಸಣೆಯ ಕಿಣ್ವವೊಂದು ಮತ್ತೆ ಗ್ಲುಕೋಸ್ ಜೋಡಿಸಿ ಹಿಂದಕ್ಕೆ ಕಳಿಸುತ್ತದೆ. ಈ ಓಡಾಟದ ನಡುವೆ ಮ್ಯಾನೋಸ್ ಸಕ್ಕರೆಗಳು ನಿಧಾನವಾಗಿ ಒಂದೊಂದೇ ಉದುರುತ್ತಿರುತ್ತವೆ. ಸಾಕಷ್ಟು ಉದುರಿದ ಮೇಲೆ ಅವಕಾಶ ಮುಗಿಯಿತು.

ಆಮೇಲೆ ಪ್ರೋಟೀನನ್ನು ಕೋಶದ್ರವಕ್ಕೆ ಎಳೆದು, 76 ಅಮೈನೋ ಆಮ್ಲಗಳ ಯುಬಿಕ್ವಿಟಿನ್ ಚೀಟಿಗಳನ್ನು ಸರವಾಗಿ ಅಂಟಿಸಿ, ಪ್ರೋಟಿಯಾಸೋಮ್ ಎಂಬ ಕೊಳವೆಯೊಳಗೆ ನೂಲಿನಂತೆ ಬಿಡಿಸಿ ತುಂಡರಿಸಲಾಗುತ್ತದೆ. ಈ ಚೀಟಿಯ ಕೆಲಸವನ್ನು ಬಿಡಿಸಿಟ್ಟ ಸೀಕನೋವರ್, ಹರ್ಷ್ಕೊ ಮತ್ತು ರೋಸ್ ಅವರಿಗೆ 2004ರ ರಸಾಯನಶಾಸ್ತ್ರದ ನೊಬೆಲ್ ಬಂತು. ಕೊಳವೆಯ ಬಾಯಿ ಕಿರಿದಾದ್ದರಿಂದ ಗಡ್ಡೆಕಟ್ಟಿದ ಪ್ರೋಟೀನು ಅಲ್ಲಿ ತೂರುವುದಿಲ್ಲ. ಅದನ್ನು ಪೊರೆಯಲ್ಲಿ ಸುತ್ತಿ, ಕೋಶದ ಜೀರ್ಣಚೀಲವಾದ ಲೈಸೋಸೋಮಿಗೆ ಒಪ್ಪಿಸಬೇಕಾಗುತ್ತದೆ.

ಮೈಲೋಮಾ ಎಂಬ ಮಜ್ಜೆಯ ಕ್ಯಾನ್ಸರಿನ ಚಿಕಿತ್ಸೆ ಇದೇ ಕೊಳವೆಯನ್ನು ಹಿಡಿಯುತ್ತದೆ. ಹಗಲಿರುಳೂ ಪ್ರತಿಕಾಯ ತಯಾರಿಸುವ, ಕ್ಯಾನ್ಸರಿಗೆ ತಿರುಗಿದ ಆ ಪ್ಲಾಸ್ಮಾ ಕೋಶಗಳಲ್ಲಿ ಹಾಳು ಪ್ರೋಟೀನಿನ ರಾಶಿಯೂ ಹೆಚ್ಚು. ಅಮೆರಿಕದಲ್ಲಿ 2003ರಲ್ಲಿ ಅನುಮತಿ ಪಡೆದ ಬೋರ್ಟೆಜೋಮಿಬ್ ಎಂಬ ಔಷಧ ಪ್ರೋಟಿಯಾಸೋಮನ್ನು ತಡೆದಾಗ ಬಾಕಿ ಕೋಶಗಳಿಗಿಂತ ಮೊದಲು ಅವು ಸಾಯುತ್ತವೆ. ಮರುಪರೀಕ್ಷೆಗೆ ಬರುವ ರೋಗಿಗಳಲ್ಲಿ ಕೆಲವರು ಅಂಗಾಲು ಜೋಮು ಹಿಡಿಯುತ್ತದೆ ಎನ್ನುತ್ತಾರೆ. ಅದು ಈ ಔಷಧದ್ದೇ ಅಡ್ಡಪರಿಣಾಮ, ರಕ್ತನಾಳದ ಬದಲು ಚರ್ಮದಡಿಗೆ ಚುಚ್ಚಿದರೆ ಕಡಿಮೆ.