72 ಮೇಳಕರ್ತ: ಒಂದು ಸಂಖ್ಯೆಯನ್ನು ಎರಡು ದಾರಿಯಲ್ಲಿ ತಲುಪುವುದು

ಕರ್ನಾಟಕ ಸಂಗೀತದ ಸೀನಿಯರ್ ಪರೀಕ್ಷೆಯ ಶಾಸ್ತ್ರ ಪತ್ರಿಕೆಗೆ ನನ್ನ ಜೊತೆ ಓದುತ್ತಿರುವವರಿಗಾಗಿ ಈ ಟಿಪ್ಪಣಿ. ಎರಡು ವಾರದಿಂದ 72 ಮೇಳಕರ್ತ ರಾಗಗಳ (ಉಳಿದ ರಾಗಗಳಿಗೆ ಮೂಲವಾದ ರಾಗಗಳ, ಚಿಕ್ಕದಾಗಿ ‘ಮೇಳ’ಗಳ) ಪಟ್ಟಿಯನ್ನು ಬಾಯಿಪಾಠ ಮಾಡುತ್ತಿದ್ದೆ. ಮೊದಲ ಹದಿನೈದು ನಿಲ್ಲುತ್ತಿದ್ದವು, ನಂತರದವು ಬೆಳಗಾಗುವಷ್ಟರಲ್ಲಿ ಅಳಿಸಿಹೋಗುತ್ತಿದ್ದವು. ಈಗ ಪಟ್ಟಿಯನ್ನು ಬಿಟ್ಟು ಲೆಕ್ಕವನ್ನು ಹಿಡಿದಿದ್ದೇನೆ. ರಾಗದ ಹೆಸರಿನಿಂದ ಅದರ ಸಂಖ್ಯೆ ಸಿಗುತ್ತದೆ, ರಾಗದ ಸ್ವರಗಳಿಂದಲೂ ಅದೇ ಸಂಖ್ಯೆ ಸಿಗುತ್ತದೆ. ಒಂದು ದಾರಿಯಲ್ಲಿ ಎಡವಿದರೆ ಇನ್ನೊಂದು ದಾರಿ ಕೈಹಿಡಿಯುತ್ತದೆ.

ಸ್ವರಸ್ಥಾನಗಳ ಹೆಸರು, ಆರೋಹಣ ಅವರೋಹಣ ಎಂದರೇನು ಎಂಬುದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಅದು ಜೂನಿಯರ್‌ನಲ್ಲೇ ಆಗಿದೆ.

72 ಏಕೆ?

ಒಂದು ಸ್ಥಾಯಿಯಲ್ಲಿ, ಅಂದರೆ ಒಂದು ಷಡ್ಜದಿಂದ ಮುಂದಿನ ಷಡ್ಜದ ನಡುವೆ, 12 ಸ್ವರಸ್ಥಾನಗಳಿವೆ. ಷಡ್ಜ, ಪಂಚಮಗಳು ಅಚಲ. ಉಳಿದ ಹತ್ತರಲ್ಲಿ ಐದನ್ನು ಆರಿಸಬೇಕು. ನಿಯಮವೇ ಇಲ್ಲದೆ ಆರಿಸಿದರೆ 252 ಬಗೆಗಳಾಗುತ್ತವೆ. ಆದರೆ ಮೇಳದಲ್ಲಿ ಏಳೂ ಸ್ವರಗಳು ಇರಬೇಕು, ಪ್ರತಿಯೊಂದೂ ಒಂದೇ ಸಲ ಬರಬೇಕು, ಕ್ರಮ ತಪ್ಪಬಾರದು.

ಕೆಳಗಿನಿಂದ ಮೇಲಕ್ಕೆ ರಿಷಭ ಮೂರು (ಶುದ್ಧ ರ, ಚತುಃಶ್ರುತಿ ರಿ, ಷಟ್‌ಶ್ರುತಿ ರು), ಗಾಂಧಾರ ಮೂರು (ಶುದ್ಧ ಗ, ಸಾಧಾರಣ ಗಿ, ಅಂತರ ಗು). ಮೂರು ಮೂರಲ ಒಂಬತ್ತು ಜೋಡಿ ಆಗಬೇಕಲ್ಲವೇ? ಆದರೆ ಈ ಆರು ಹೆಸರುಗಳು ಕುಳಿತಿರುವುದು ನಾಲ್ಕೇ ಸ್ಥಾನಗಳಲ್ಲಿ. ಚತುಃಶ್ರುತಿ ರಿಷಭ ಮತ್ತು ಶುದ್ಧ ಗಾಂಧಾರ ಒಂದೇ ಸ್ಥಾನ, ಷಟ್‌ಶ್ರುತಿ ರಿಷಭ ಮತ್ತು ಸಾಧಾರಣ ಗಾಂಧಾರ ಒಂದೇ ಸ್ಥಾನ. ಹಾಗಾಗಿ ರಿ-ಗ, ರು-ಗಿ ಜೋಡಿಗಳಲ್ಲಿ ಎರಡು ಸ್ವರಗಳೇ ಇಲ್ಲ. ರು-ಗ ಜೋಡಿಯಲ್ಲಿ ಗಾಂಧಾರ ರಿಷಭಕ್ಕಿಂತ ಕೆಳಗೆ ಹೋಗುತ್ತದೆ. ಈ ಮೂರನ್ನು ತೆಗೆದರೆ ಉಳಿಯುವುದು ಆರು: ರ-ಗ, ರ-ಗಿ, ರ-ಗು, ರಿ-ಗಿ, ರಿ-ಗು, ರು-ಗು. ಧೈವತ ನಿಷಾದಗಳಲ್ಲೂ ಇದೇ ಕ್ರಮದಲ್ಲಿ ಆರು: ಧ-ನ, ಧ-ನಿ, ಧ-ನು, ಧಿ-ನಿ, ಧಿ-ನು, ಧು-ನು. ಮಧ್ಯಮ ಎರಡು: ಕೆಳಗಿನದು ಶುದ್ಧ, ಮೇಲಿನದು ಪ್ರತಿ. ಆರು ಆರಲ ಮೂವತ್ತಾರು, ಅದರ ಎರಡರಷ್ಟು 72.

17ನೆಯ ಶತಮಾನದಲ್ಲಿ ತಂಜಾವೂರಿನ ನಾಯಕರ ಆಸ್ಥಾನದಲ್ಲಿದ್ದ ವೆಂಕಟಮಖಿ ‘ಚತುರ್ದಂಡೀಪ್ರಕಾಶಿಕೆ’ಯಲ್ಲಿ ಈ ಲೆಕ್ಕವನ್ನು ಕೊಟ್ಟರು. ಅವರ ತಂದೆ, ನಾಯಕರ ಮಂತ್ರಿಯಾಗಿದ್ದ ಗೋವಿಂದ ದೀಕ್ಷಿತರು ಹೊಯ್ಸಳ ಕರ್ನಾಟಕ ಬ್ರಾಹ್ಮಣ ಮನೆತನದವರು. ಅದಕ್ಕೂ ಮೊದಲು, 1550ರಲ್ಲಿ, ವಿಜಯನಗರದ ರಾಮಾಮಾತ್ಯ ‘ಸ್ವರಮೇಳಕಲಾನಿಧಿ’ಯಲ್ಲಿ ಹೇಳಿದ್ದು 20 ಮೇಳಗಳನ್ನು. ಅದು ಬಳಕೆಯಲ್ಲಿದ್ದುದರ ಪಟ್ಟಿ. ವೆಂಕಟಮಖಿ ಮಾಡಿದ್ದು ಆಗಬಹುದಾದ ಎಲ್ಲದರ ಎಣಿಕೆ. ಅವರ ಕಾಲದಲ್ಲೂ ಬಳಕೆಯಲ್ಲಿದ್ದ ಮೇಳಗಳು 19 ಮಾತ್ರ ಎಂದು ಅವರೇ ಹೇಳುತ್ತಾರೆ. ಹಾಗಿದ್ದರೂ, ಈ ಹನ್ನೆರಡು ಸ್ವರಗಳಿಂದ 72ಕ್ಕೆ ಒಂದನ್ನು ಸೇರಿಸಲು ಅಥವಾ ಕಳೆಯಲು ಹಣೆಗಣ್ಣನಾದ ಶಿವನಿಗೂ ಸಾಧ್ಯವಿಲ್ಲ ಎಂದು ಬರೆದರು. ಹಾಡುವವರೇ ಇಲ್ಲದ ಐವತ್ತಕ್ಕೂ ಹೆಚ್ಚು ಮೇಳಗಳಿಗೆ ಮೊದಲೇ ಜಾಗ ಕಾದಿರಿಸಿದ ಆ ಧೈರ್ಯ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಎರಡು ಶತಮಾನಗಳ ಬಳಿಕ ಗಾಯಕ ಮಹಾವೈದ್ಯನಾಥ ಅಯ್ಯರ್ ಆ 72 ಮೇಳಗಳನ್ನೂ ಒಂದೇ ರಾಗಮಾಲಿಕೆಯಲ್ಲಿ ಪೋಣಿಸಿದರು.

ಸಂಖ್ಯೆಯಿಂದ ಸ್ವರಕ್ಕೆ: ಒಂದು ಕಳೆಯುವುದನ್ನು ಮರೆಯಬೇಡಿ

ನಾನು ಸಿಕ್ಕಿಬಿದ್ದದ್ದು ಇಲ್ಲಿ. ಆದ್ದರಿಂದ ನಿಧಾನವಾಗಿ ಬರೆಯುತ್ತೇನೆ.

1ರಿಂದ 36 ಶುದ್ಧ ಮಧ್ಯಮ, 37ರಿಂದ 72 ಪ್ರತಿ ಮಧ್ಯಮ. ಆರಾರು ರಾಗಗಳಿಗೆ ಒಂದು ಚಕ್ರ. ಚಕ್ರ ಬದಲಾದರೆ ರಿಷಭ-ಗಾಂಧಾರ ಜೋಡಿ ಬದಲಾಗುತ್ತದೆ, ಚಕ್ರದ ಒಳಗೆ ಧೈವತ-ನಿಷಾದ ಜೋಡಿ ಬದಲಾಗುತ್ತದೆ. ಹಾಗಾದರೆ ಸಂಖ್ಯೆಯನ್ನು 6ರಿಂದ ಭಾಗಿಸಿದರೆ ಭಾಗಲಬ್ಧ ಚಕ್ರವನ್ನೂ ಶೇಷ ಧೈವತ-ನಿಷಾದ ಜೋಡಿಯನ್ನೂ ಹೇಳಬೇಕು ಎಂದುಕೊಂಡೆ.

30ನೆಯದಾದ ನಾಗನಂದಿನಿಯನ್ನು ತೆಗೆದುಕೊಂಡೆ. 30ರಲ್ಲಿ 6 ಐದು ಸಲ ಹೋಗುತ್ತದೆ, ಶೇಷ ಸೊನ್ನೆ. ಸೊನ್ನೆಯನೆಯ ಧೈವತ-ನಿಷಾದ ಜೋಡಿ ಯಾವುದು? 29ಕ್ಕೆ ಬಂದರೆ ಭಾಗಲಬ್ಧ 4, ಶೇಷ 5. ಇಲ್ಲಿ ಜೋಡಿ ಐದನೆಯದು ಎಂಬುದು ಸರಿ, ಆದರೆ ಚಕ್ರ ನಾಲ್ಕಲ್ಲ, ಐದು. ‘ಭಾಗಲಬ್ಧಕ್ಕೆ ಒಂದು ಸೇರಿಸು’ ಎಂದು ನಿಯಮ ಮಾಡಿಕೊಂಡೆ. ಅದನ್ನು 30ಕ್ಕೆ ಹಚ್ಚಿದರೆ ಚಕ್ರ ಆರಾಗುತ್ತದೆ, ಅದು ತಪ್ಪು. ಒಂದು ನಿಯಮ ಐದು ರಾಗಗಳಿಗೆ ಹೊಂದಿ ಆರನೆಯದಕ್ಕೆ ಕೈಕೊಡುತ್ತಿತ್ತು. 6, 12, 18, 24, 30, 36 ಎಲ್ಲವೂ ಹೀಗೆಯೇ ತಪ್ಪುತ್ತಿದ್ದವು.

ಒಂದೊಂದು ಓಣಿಯಲ್ಲಿ ಆರಾರು ಮನೆಗಳಿವೆ, ಮನೆಗಳಿಗೆ 1ರಿಂದ ಉದ್ದಕ್ಕೂ ಸಂಖ್ಯೆ ಬರೆದಿದೆ ಎಂದುಕೊಳ್ಳಿ. ಆರನೆಯ ಮನೆ ಮೊದಲ ಓಣಿಯ ಕೊನೆಯ ಮನೆ. ಆದರೆ 6ರಿಂದ ಭಾಗಿಸಿದ ತಕ್ಷಣ ಲೆಕ್ಕ ಅದನ್ನು ಎರಡನೆಯ ಓಣಿಯ ಬಾಯಿಗೆ ತಂದು ನಿಲ್ಲಿಸುತ್ತದೆ. ಭಾಗಾಕಾರದ ಶೇಷ 0ಯಿಂದ 5ರವರೆಗೆ ಓಡಾಡುತ್ತದೆ, ನಮ್ಮ ಎಣಿಕೆ 1ರಿಂದ 6ರವರೆಗೆ. ಎರಡನ್ನೂ ಹೊಂದಿಸಲು ಸಂಖ್ಯೆಯಿಂದ ಮೊದಲು ಒಂದು ಕಳೆಯಬೇಕು. ಆಗ ಮನೆಗಳ ಸಂಖ್ಯೆ 0ಯಿಂದ ಶುರುವಾಗುತ್ತದೆ, ಮೊದಲ ಓಣಿಯ ಆರೂ ಮನೆಗಳಿಗೆ ಭಾಗಲಬ್ಧ 0 ಬರುತ್ತದೆ. ಕೊನೆಯಲ್ಲಿ ಭಾಗಲಬ್ಧಕ್ಕೂ ಶೇಷಕ್ಕೂ ಒಂದೊಂದು ಸೇರಿಸಿದರೆ ಮುಗಿಯಿತು.

ಮತ್ತೆ 30: ಒಂದು ಕಳೆದರೆ 29. ಭಾಗಲಬ್ಧ 4, ಶೇಷ 5. ಒಂದೊಂದು ಸೇರಿಸಿದರೆ ಐದನೆಯ ಚಕ್ರ, ಆರನೆಯ ಜೋಡಿ. ಅಂದರೆ ರಿ-ಗು, ಶುದ್ಧ ಮಧ್ಯಮ, ಧು-ನು. ನಾಗನಂದಿನಿ ಇದೇ.

65 (ಮೇಚಕಲ್ಯಾಣಿ): 36ಕ್ಕಿಂತ ಹೆಚ್ಚು, ಆದ್ದರಿಂದ ಪ್ರತಿ ಮಧ್ಯಮ. 36 ಕಳೆದರೆ 29, ಒಂದು ಕಳೆದರೆ 28. ಭಾಗಲಬ್ಧ 4, ಶೇಷ 4. ರಿಷಭ-ಗಾಂಧಾರದಲ್ಲಿ ಐದನೆಯ ಜೋಡಿ ರಿ-ಗು, ಧೈವತ-ನಿಷಾದದಲ್ಲಿ ಐದನೆಯ ಜೋಡಿ ಧಿ-ನು. 29ನೆಯದಾದ ಶಂಕರಾಭರಣದ ಮಧ್ಯಮವನ್ನು ಏರಿಸಿದರೆ ಕಲ್ಯಾಣಿ ಎಂದು ಗುರುಗಳು ತಂಬೂರಿಯ ಮುಂದೆ ಹಾಡಿ ತೋರಿಸಿದ್ದು 29 ಮತ್ತು 65ರ ನಡುವಿನ ಈ 36.

ಸ್ವರಗಳಿಂದ ಸಂಖ್ಯೆಗೆ ಹಿಂದಿರುಗುವ ದಾರಿ ಸುಲಭ: ರಿಷಭ-ಗಾಂಧಾರ ಜೋಡಿಯ ಸಂಖ್ಯೆಯಿಂದ ಒಂದು ಕಳೆದು 6ರಿಂದ ಗುಣಿಸಿ, ಧೈವತ-ನಿಷಾದ ಜೋಡಿಯ ಸಂಖ್ಯೆ ಸೇರಿಸಿ, ಪ್ರತಿ ಮಧ್ಯಮವಾದರೆ 36 ಸೇರಿಸಿ.

ಚಕ್ರಗಳ ಹೆಸರುಗಳೂ ಎಣಿಕೆಯೇ: ಇಂದು, ನೇತ್ರ, ಅಗ್ನಿ, ವೇದ, ಬಾಣ, ಋತು, ಋಷಿ, ವಸು, ಬ್ರಹ್ಮ, ದಿಶಿ, ರುದ್ರ, ಆದಿತ್ಯ. ಚಂದ್ರ ಒಂದು, ಕಣ್ಣು ಎರಡು, ಹೀಗೆ ಹನ್ನೆರಡು ಆದಿತ್ಯರವರೆಗೆ.

ಏಳೇಳು ಹೆಜ್ಜೆ

ಇದು ಪರೀಕ್ಷೆಗೆ ಬರುವುದಿಲ್ಲ, ಆದರೂ ಬಿಡಲು ಮನಸ್ಸಾಗುತ್ತಿಲ್ಲ. ಚಕ್ರದ ಸಂಖ್ಯೆಯೂ ಜೋಡಿಯ ಸಂಖ್ಯೆಯೂ ಒಂದೇ ಆಗಿರುವ ಶುದ್ಧ ಮಧ್ಯಮ ಮೇಳಗಳನ್ನು ಬರೆದು ನೋಡಿ: 1, 8, 15, 22, 29, 36. ಏಳೇಳರ ಅಂತರ. ಒಂದು ಚಕ್ರ ದಾಟಲು ಆರು, ಒಳಗೆ ಒಂದು ಜೋಡಿ ಮುಂದೆ ಸರಿಯಲು ಒಂದು. ಹೆಸರುಗಳು ಕನಕಾಂಗಿ, ಹನುಮತೋಡಿ, ಮಾಯಾಮಾಳವಗೌಳ, ಖರಹರಪ್ರಿಯ, ಧೀರಶಂಕರಾಭರಣ, ಚಲನಾಟ. ಈ ಆರರಲ್ಲೂ ಪೂರ್ವಾಂಗದ ಸ-ರಿ-ಗ-ಮ ಹೇಗೆ ಏರುತ್ತದೆಯೋ ಉತ್ತರಾಂಗದ ಪ-ಧ-ನಿ-ಸ ಹಾಗೆಯೇ ಏರುತ್ತದೆ.

ಆರಂಭದ ಪಾಠವಾದ ಸರಳೆ ವರಸೆಯನ್ನು ಮಾಯಾಮಾಳವಗೌಳದಲ್ಲಿ ಕಲಿಸುವ ಪದ್ಧತಿಯನ್ನು ಪುರಂದರದಾಸರು ಹಾಕಿಕೊಟ್ಟರು ಎಂಬುದು ನಮ್ಮ ಪರಂಪರೆಯ ಮಾತು. ಕೆಳಗಿನ ನಾಲ್ಕು ಸ್ವರಗಳಲ್ಲಿ ಕಂಠಕ್ಕೆ ಕೂತ ಅಂತರವೇ ಮೇಲಿನ ನಾಲ್ಕರಲ್ಲಿ ಮತ್ತೆ ಸಿಗುತ್ತದೆ ಎಂಬುದು ಸಂಖ್ಯೆಯಲ್ಲೇ ಕಾಣುತ್ತದೆ: 15 ಎಂದರೆ ಮೂರನೆಯ ಚಕ್ರದ ಮೂರನೆಯ ಜೋಡಿ. ಇದನ್ನು ಕಂಡ ದಿನ ಮೊದಲ ವರಸೆಯನ್ನು ಮತ್ತೆ ಹಾಡಿಕೊಂಡೆ.

ಹೆಸರಿನಿಂದ ಸಂಖ್ಯೆಗೆ: ಕಟಪಯಾದಿ

ಕಟಪಯಾದಿ ಎಂದರೆ ಅಕ್ಷರಗಳಿಗೆ ಅಂಕಿ ಕೊಡುವ ಪದ್ಧತಿ. ಸೂತ್ರ ಇಷ್ಟೇ: ಕಾದಿ ನವ, ಟಾದಿ ನವ, ಪಾದಿ ಪಂಚ, ಯಾದ್ಯಷ್ಟ. ಕ ಖ ಗ ಘ ಙ ಚ ಛ ಜ ಝ ಒಂದರಿಂದ ಒಂಬತ್ತು, ಟಯಿಂದ ಧವರೆಗೆ ಮತ್ತೆ ಒಂದರಿಂದ ಒಂಬತ್ತು, ಪಯಿಂದ ಮವರೆಗೆ ಐದು, ಯ ರ ಲ ವ ಶ ಷ ಸ ಹ ಒಂದರಿಂದ ಎಂಟು. ಞ ಮತ್ತು ನ ಸೊನ್ನೆ. ಹೆಸರಿನ ಮೊದಲ ಎರಡು ಅಕ್ಷರಗಳ ಅಂಕಿ ಬರೆದು ತಿರುಗಿಸಬೇಕು. ಮಾಯಾ: ಮ 5, ಯ 1, ತಿರುಗಿಸಿದರೆ 15. ಮೇಚ: 5, 6, ತಿರುಗಿಸಿದರೆ 65. ಶಂಕರಾಭರಣಕ್ಕೆ ‘ಧೀರ’ ಎಂಬ ಪದ ಅಂಟಿರುವುದು 29 ಬರಲೆಂದು, ಕಲ್ಯಾಣಿಗೆ ‘ಮೇಚ’ ಅಂಟಿರುವುದು 65 ಬರಲೆಂದು. ಮಹಾಭಾರತದ ಹಳೆಯ ಹೆಸರು ‘ಜಯ’ವನ್ನೂ ಹೀಗೆ ಲೆಕ್ಕ ಹಾಕುವುದುಂಟು: 8, 1, ತಿರುಗಿಸಿದರೆ 18, ಅಷ್ಟು ಪರ್ವಗಳು.

ಅಲ್ಪಪ್ರಾಣ ಮಹಾಪ್ರಾಣ ತಪ್ಪಿದರೆ ರಾಗವೇ ಬದಲಾಗುತ್ತದೆ. 20ನೆಯದು ನಠಭೈರವಿ, ಠ 2. ಬಾಯಿಮಾತಿನಂತೆ ‘ನಟಭೈರವಿ’ ಎಂದು ಬರೆದರೆ 10 ಬರುತ್ತದೆ, ಅದು ನಾಟಕಪ್ರಿಯದ ಜಾಗ. ಋಷಭಪ್ರಿಯದಲ್ಲಿ ಋ ಸ್ವರಾಕ್ಷರವೆಂದು ಸೊನ್ನೆ ಹಾಕಿದರೆ 60 ಬಂದು ನೀತಿಮತಿಗೆ ಹೋಗುತ್ತದೆ. ಅಲ್ಲಿ ‘ರಿ’ ಎಂದು ಓದಿ 2 ಹಾಕಬೇಕು, ಆಗ 62.

ನಿಜವಾದ ತೊಡಕು ಒತ್ತಕ್ಷರದ್ದು. ಸಂಯುಕ್ತಾಕ್ಷರದಲ್ಲಿ ಕೊನೆಯ ವ್ಯಂಜನವನ್ನು ಎಣಿಸಬೇಕು ಎಂಬುದು ನಿಯಮ. ನಾನು ಇದನ್ನು ‘ಕೆಳಗಿರುವ ಒತ್ತನ್ನು ಎಣಿಸು’ ಎಂದು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡಿದ್ದೆ. ರತ್ನಾಂಗಿಯಲ್ಲಿ ತಗೆ ನ ಒತ್ತು, ನ ಸೊನ್ನೆ: 2, 0, ತಿರುಗಿಸಿದರೆ 02. ಸರಿ. ಷಣ್ಮುಖಪ್ರಿಯದಲ್ಲಿ ಣಗೆ ಮ ಒತ್ತು: 6, 5, ತಿರುಗಿಸಿದರೆ 56. ಅದೂ ಸರಿ. ಧರ್ಮವತಿಗೆ ಬಂದಾಗ ನನ್ನ ಕಣ್ಣಿಗೆ ದೊಡ್ಡದಾಗಿ ಕಂಡದ್ದು ಮ, ಚಿಹ್ನೆಯಾಗಿ ಕಂಡದ್ದು ರ. ರ ಎಣಿಸಿದೆ: 9, 2, ಅಂದರೆ 29! ಕನ್ನಡದ ಅರ್ಕಾವತ್ತು ಬರೆಯುವಾಗ ನಂತರ ಬರುತ್ತದೆ, ಉಚ್ಚಾರದಲ್ಲಿ ಮೊದಲು ಬರುತ್ತದೆ. ಹಾಗಾಗಿ ಕಣ್ಣನ್ನು ನಂಬದೆ ಕಿವಿಯನ್ನು ನಂಬಿ: ಸ್ವರಕ್ಕೆ ಅಂಟಿಕೊಂಡಿರುವ ವ್ಯಂಜನ ಯಾವುದೋ ಅದನ್ನು ಎಣಿಸಿ. ಧರ್‌-ಮ, ಆದ್ದರಿಂದ ಮ: 59. ಸೂರ್‌-ಯ (ಸೂರ್ಯಕಾಂತ), ಆದ್ದರಿಂದ ಯ: 17.

ಇಷ್ಟು ಮಾಡಿದ ಮೇಲೂ ಆರು ಹೆಸರುಗಳು ಒಗ್ಗುವುದಿಲ್ಲ. ಅವುಗಳಲ್ಲಿ ಮೊದಲ ವ್ಯಂಜನವನ್ನೇ ಎಣಿಸಬೇಕು: ಚಕ್ರವಾಕ (ಕ, 16), ದಿವ್ಯಮಣಿ (ವ, 48), ವಿಶ್ವಂಭರಿ (ಶ, 54), ಶ್ಯಾಮಲಾಂಗಿ (ಶ, 55), ಚಿತ್ರಾಂಬರಿ (ತ, 66), ಜ್ಯೋತಿಸ್ವರೂಪಿಣಿ (ಜ, 68). ಏಳನೆಯದು ಸಿಂಹೇಂದ್ರಮಧ್ಯಮ. ಕಾಂತಾಮಣಿ, ಗಾಂಗೇಯಭೂಷಣಿ, ಝಂಕಾರಧ್ವನಿಗಳಲ್ಲಿ ಅನುಸ್ವಾರಕ್ಕೆ ಲೆಕ್ಕವಿಲ್ಲ, ಇಲ್ಲಿ ಮಾತ್ರ ಅದನ್ನು ಮ ಎಂದು ಎಣಿಸಬೇಕು: 7, 5, ತಿರುಗಿಸಿದರೆ 57. ಹ ಎಣಿಸಿದರೆ 87 ಬರುತ್ತದೆ, 72ನ್ನು ದಾಟಿರುವುದರಿಂದ ತಪ್ಪು ತಾನಾಗಿಯೇ ಗೊತ್ತಾಗುತ್ತದೆ.

ಉಳಿದವು ಹಾಗೆ ಗೊತ್ತಾಗುವುದಿಲ್ಲ. ಚಕ್ರವಾಕಕ್ಕೆ ರ ಎಣಿಸಿದರೆ 26, ಅದು ಚಾರುಕೇಶಿಯ ಸಂಖ್ಯೆ. ಚಿತ್ರಾಂಬರಿಗೂ 26 ಬರುತ್ತದೆ. ಆಗ ಸ್ವರಗಳ ದಾರಿ ಹಿಡಿಯಿರಿ. ಚಕ್ರವಾಕವನ್ನು ಹಾಡಿಕೊಳ್ಳಿ: ರ-ಗು, ಶುದ್ಧ ಮಧ್ಯಮ, ಧಿ-ನಿ. ಮೂರನೆಯ ಚಕ್ರ, ನಾಲ್ಕನೆಯ ಜೋಡಿ. ಎರಡು ಆರಲ ಹನ್ನೆರಡು, ನಾಲ್ಕು ಸೇರಿದರೆ 16.

ಉಳಿದದ್ದು, ಚುಟುಕಾಗಿ

ರ-ಗ, ರು-ಗು ಅಥವಾ ಧ-ನ, ಧು-ನು ಜೋಡಿ ಇದ್ದರೆ ಅದು ವಿವಾದಿ ಮೇಳ. ಆರರಲ್ಲಿ ಎರಡೆರಡು ಜೋಡಿ ವಿವಾದಿ, ನಾಲ್ಕು ನಾಲ್ಕು ಅಲ್ಲ. 4 × 4 × 2 = 32 ಮೇಳಗಳು ವಿವಾದಿಯಲ್ಲದವು, ಉಳಿದ 40 ವಿವಾದಿ. ಧಾರವಾಡದ ಕಡೆ ಹಿಂದೂಸ್ತಾನಿ ಕಲಿಯುತ್ತಿರುವ ಗೆಳೆಯರಿಗೆ: ಹಿಂದೂಸ್ತಾನಿ ರಾಗಗಳನ್ನು ವಿಂಗಡಿಸಲು ಭಾತಖಂಡೆಯವರು ಮಾಡಿದ ಹತ್ತು ಥಾಟ್‌ಗಳೂ ಈ 32ರೊಳಗೇ ಇವೆ. ಬಿಲಾವಲ್ 29, ಖಮಾಜ್ 28, ಕಾಫಿ 22, ಆಸಾವರಿ 20, ಭೈರವಿ 8, ಭೈರವ್ 15, ಕಲ್ಯಾಣ್ 65, ಮಾರ್ವಾ 53, ಪೂರ್ವಿ 51, ತೋಡಿ 45. ಅವರ ತೋಡಿಯೂ ನಮ್ಮ ತೋಡಿಯೂ ಬೇರೆ ಬೇರೆ, ಎಚ್ಚರ.

       

ಅಭ್ಯಾಸಕ್ಕೆ

ಪುಸ್ತಕ ಮುಚ್ಚಿ ಷಡ್ವಿಧಮಾರ್ಗಿಣಿಯನ್ನು ಎರಡೂ ದಾರಿಯಲ್ಲಿ ಬಿಡಿಸಿ. ಷ 6, ಡ್ವಿಯಲ್ಲಿ ವ 4, ತಿರುಗಿಸಿದರೆ 46. 36 ಕಳೆದರೆ 10, ಒಂದು ಕಳೆದರೆ 9, ಭಾಗಲಬ್ಧ 1, ಶೇಷ 3. ಎರಡನೆಯ ಜೋಡಿ ರ-ಗಿ, ಪ್ರತಿ ಮಧ್ಯಮ, ನಾಲ್ಕನೆಯ ಜೋಡಿ ಧಿ-ನಿ. ನಂತರ ದಿವ್ಯಮಣಿ, ವಾಚಸ್ಪತಿ, ಗಾನಮೂರ್ತಿ, ರಸಿಕಪ್ರಿಯಗಳನ್ನು ಇದೇ ರೀತಿ ಮಾಡಿ. ರಸಿಕಪ್ರಿಯಕ್ಕೆ 72 ಬರದಿದ್ದರೆ ಒಂದು ಕಳೆದಿದ್ದೀರಾ ನೋಡಿ.